ನಾನು ಬಾರಿಸದ ಗಂಟೆ

ಪ್ರೇತ, ಶಕುನ ಎಂದರೆ "ನಾನ್‌ಸೆನ್ಸ್" ಎಂದು ನಗುತ್ತಿದ್ದವಳು ನಾನು. ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆ ಒತ್ತಿ ಒತ್ತಿ ಕಲಿಸಿದ್ದು ಎರಡು: ಕೈಬರಹ ದುಂಡಗಿರಬೇಕು, ಸುಳ್ಳು ಹೇಳಬಾರದು. ಕೈಬರಹ ಈ ಪ್ರಾಯದಲ್ಲೂ ಕೆಟ್ಟಿಲ್ಲ. ಎರಡನೆಯದರ ಕತೆಯನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ಪುತ್ತೂರಿನ ದರ್ಬೆಯಲ್ಲಿ ಬಾಡಿಗೆ ಮನೆ, ಹೆಲ್ತ್ ವಿಸಿಟರ್ ಕೆಲಸ. ಹಳ್ಳಿಗಳ ಹೆರಿಗೆ ಕೇಂದ್ರಗಳಿಗೆ ರಾತ್ರಿ ಹೇಳದೆ ಹೋಗಿ, ಎಷ್ಟು ನಿಮಿಷದಲ್ಲಿ ಬಾಗಿಲು ತೆರೆಯುತ್ತಾರೆ ಎಂದು ವಾಚು ನೋಡಿ ಬರೆಯುವುದೂ ನನ್ನ ಡ್ಯೂಟಿಯಾಗಿತ್ತು. ಸುಳ್ಯದ ಆಚೆಯ ಒಂದು ಕೇಂದ್ರದ ಮೇಲೆ ದೂರು ಬಂದಿತ್ತು. ರಾತ್ರಿ ಎಷ್ಟು ತಟ್ಟಿದರೂ ಅಲ್ಲಿ ಬಾಗಿಲು ತೆರೆಯುವುದಿಲ್ಲ, ನೋವು ತಿನ್ನುತ್ತಿರುವ ಹೆಂಗಸರನ್ನು ಹೊತ್ತು ತಂದವರು ಹಾಗೆಯೇ ಹಿಂದೆ ಹೋಗುತ್ತಾರೆ ಎಂದು.

ಆ ರಾತ್ರಿ ನಾನು ಸುಳ್ಯದ ಬಂಗಲೆಯಲ್ಲಿ ತಂಗಿದ್ದೆ. ಕೇಂದ್ರಕ್ಕೆ ಎರಡು ಮೈಲು ನಡಿಗೆ. ಟಾರ್ಚು ಹಿಡಿದು ಹೊರಟವಳನ್ನು ಕಂಡು ಅಡುಗೆಯ ಐತಪ್ಪ ನಕ್ಕ. "ಎಂತಕ್ಕೆ ಅಮ್ಮ ಈ ಹೊತ್ತಿಗೆ? ಆ ದಾರಿಯಲ್ಲಿ ನೈಟ್ ಡ್ಯೂಟಿ ಸರಿಯಾಗಿ ಮಾಡುದು ನಾಯಿಗಳು ಮಾತ್ರ."

ನಾನೂ ನಕ್ಕು ಚಪ್ಪಲಿ ಕಳಚಿದೆ. ಹೆದರಿಕೆಯಿಂದಲ್ಲ, ಬರಿಯ ಸೋಮಾರಿತನದಿಂದ. ಲಾಟೀನಿನ ಮುಂದೆ ಕುಳಿತು ದುಂಡಗಿನ ಅಕ್ಷರದಲ್ಲಿ ರಿಪೋರ್ಟ್ ಬರೆದೆ: ಹನ್ನೊಂದೂವರೆಗೆ ಹೋದೆ, ಬಾಗಿಲ ಗಂಟೆ ಬಾರಿಸಿದೆ, ನಾಲ್ಕು ನಿಮಿಷದಲ್ಲಿ ತೆರೆದರು, ಸ್ಯಾಟಿಸ್‌ಫ್ಯಾಕ್ಟರಿ. ಪುತ್ತೂರಿನ ಕೇಂದ್ರದಲ್ಲಿ ಗಂಟೆಯಿತ್ತು, ಇಲ್ಲೂ ಇರಬಹುದು ಎಂದುಕೊಂಡೆ. ಕಾಗದವನ್ನು ಬ್ಯಾಗಿಗೆ ಹಾಕಿ ಮಲಗಿದೆ. ಒಳ್ಳೆಯ ನಿದ್ದೆ ಬಂತು.

ಬೆಳಿಗ್ಗೆ ಮನಸ್ಸು ಕೇಳಲಿಲ್ಲ. ಜಾಗವನ್ನಾದರೂ ನೋಡಿ ಬರೋಣ ಎಂದು ಹೋದೆ. ಮಿಡ್‌ವೈಫ್ ಅನ್ನಮ್ಮ, ಕೇರಳದಿಂದ ಬಂದು ಕಡಬದ ಕಡೆ ನೆಲೆಸಿದ ಮನೆತನದ ಹುಡುಗಿ, ಮೆಟ್ಟಲಿಳಿದು ಓಡಿ ಬಂದಳು.

"ನೀವು ಬಂಗಲೆಗೆ ಬಂದದ್ದು ಬೆಳಿಗ್ಗೆ ಗೊತ್ತಾಯ್ತು. ನಿನ್ನೆ ಗಂಟೆ ಬಾರಿಸಿ ಎಲ್ಲಿಗೆ ಹೋದದ್ದು ಮಾರಾಯ್ರೆ? ಬಾಗಿಲು ತೆರೆದರೆ ಜನವೇ ಇಲ್ಲ!"

ನಾನು ಬರಲಿಲ್ಲವೆಂದು ತಿಳಿದು ಚುಚ್ಚುತ್ತಿದ್ದಾಳೆ ಎಂದುಕೊಂಡೆ. ಅವಳು ಕೈ ಹಿಡಿದು ಒಳಗೆ ಕರೆದೊಯ್ದಳು. ಮಂಚದಲ್ಲಿ ಬ್ಯಾರಿ ಮುಸಲ್ಮಾನರ ಒಬ್ಬ ಎಳೆಯ ಹೆಂಗಸು, ಪಕ್ಕದಲ್ಲಿ ಬಟ್ಟೆ ಸುತ್ತಿದ ಮಗು, ಕೆಳಗೆ ಚಾಪೆಯಲ್ಲಿ ಅತ್ತೆ. ಕುರ್ಚಿಗೆ ಬಿದಿರು ಕಟ್ಟಿ ಹೊತ್ತು ತಂದಿದ್ದರಂತೆ. ಅನ್ನಮ್ಮ ಮಲಗುವ ಕೋಣೆ ಹಿಂದೆ, ಅಡುಗೆಮನೆಯ ಆಚೆ. ಎದುರು ಬಾಗಿಲು ತಟ್ಟಿದ್ದು ಅಲ್ಲಿಗೆ ಕೇಳುವುದೇ ಇಲ್ಲ. ತಟ್ಟಿ ಸಾಕಾಗಿ ಅವರು ಪುತ್ತೂರಿನ ದಾರಿ ಹಿಡಿದಿದ್ದರು. ಆಗ ಅನ್ನಮ್ಮನಿಗೆ ಗಂಟೆಯ ಸದ್ದಿಗೆ ಎಚ್ಚರವಾಯಿತು. ಹೊರಗೆ ಬಂದರೆ ದೂರ ಹೋಗುತ್ತಿದ್ದ ಲಾಟೀನು ಕಂಡಿತು. ಕೂಗಿ ಕರೆದಳು. ಮಗುವಿನ ಕಾಲು ಮೊದಲು ಬಂದಿತ್ತಂತೆ. ಪುತ್ತೂರಿನವರೆಗೆ ಇಬ್ಬರೂ ಉಳಿಯುತ್ತಿರಲಿಲ್ಲ ಎಂದಳು.

"ಗಂಟೆಯಾ? ನಮಗೆ ಕೇಳಲಿಲ್ಲ," ಎಂದಳು ಅತ್ತೆ. "ಅನ್ನಮ್ಮ ಬೊಬ್ಬೆ ಹೊಡೆದು ಕರೆದದ್ದು ಮಾತ್ರ ಕೇಳಿದ್ದು."

ಅನ್ನಮ್ಮನ ದನಿ ಇಳಿಯಿತು. "ಬೀಗದ ಕೈ ಸಿಕ್ಕದೆ ತಡ ಆಯ್ತಮ್ಮ. ಟೈಂಪೀಸ್ ನೋಡಿದ್ದೇನೆ, ಹನ್ನೊಂದೂವರೆ. ನಾಲ್ಕು ನಿಮಿಷ ಹೋಯ್ತು. ರಿಪೋರ್ಟಿನಲ್ಲಿ ಬರೆದಿರಾ?"

ರಿಪೋರ್ಟು ಇನ್ನೂ ನನ್ನ ಬ್ಯಾಗಿನಲ್ಲೇ ಇತ್ತು. ಯಾರೂ ನೋಡಿರಲಿಲ್ಲ.

ಎದ್ದು ಬಾಗಿಲ ಹತ್ತಿರ ಹೋದೆ. ಚೌಕಟ್ಟಿನಲ್ಲಿ ಒಂದು ಮೊಳೆಯ ಗುರುತೂ ಇರಲಿಲ್ಲ. "ಗಂಟೆ ಎಲ್ಲಿ ಉಂಟು?" ಎಂದೆ.

"ಇಲ್ಲಿ ಎಲ್ಲಿಯ ಗಂಟೆ? ನೀವು ಪುತ್ತೂರಿನಿಂದ ತಂದದ್ದು ಅಂತ ಎಣಿಸಿದೆ ನಾನು."

ಅತ್ತೆ ಎದ್ದು ಬಂದು ನನ್ನ ತಲೆ ಸವರಿದಳು. "ಹುಟ್ಟಿಸಿದವನು ನಿಮ್ಮನ್ನು ಚೆಂದ ಇಡಲಿ ಅಮ್ಮ." ನಾನು ಬರಲೇ ಇಲ್ಲ ಎಂದು ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ಹೇಳಲಿಲ್ಲ. ತಲೆ ತಗ್ಗಿಸಿ ಆ ಹಾರೈಕೆಯನ್ನು ತೆಗೆದುಕೊಂಡೆ, ನನ್ನದೇ ಎಂಬ ಹಾಗೆ.

ರಿಪೋರ್ಟನ್ನು ಹಾಗೆಯೇ ಕೊಟ್ಟೆ. ಗಂಟೆ ಬಾರಿಸಿದೆ ಎಂದು ಬರೆದ ಮೇಲೆ ಆಫೀಸಿನಲ್ಲಿ ಗಂಟೆ ಬೇಕೆಂದು ಕೇಳುವುದು ಹೇಗೆ? ನಾನೇ ಒಂದು ಹಿತ್ತಾಳೆ ಗಂಟೆ ಕೊಂಡು, ಮರುವಾರ ಅಲ್ಲಿ ಕಟ್ಟಿಸಿ, ಹಗ್ಗ ಎಳೆದು ಬಾರಿಸಿದೆ. ಅನ್ನಮ್ಮ ಹಿಂದಿನ ಕೋಣೆಯಿಂದ ಬಂದಳು. "ಕೇಳ್ತದೆ ಅಮ್ಮ, ಚೆನ್ನಾಗಿ ಕೇಳ್ತದೆ. ಆದರೆ ಅವತ್ತಿನದ್ದು ಇದಲ್ಲ. ಅದು ನನ್ನ ತಲೆದಿಂಬಿನ ಹತ್ತಿರವೇ ಬಾರಿಸಿದ ಹಾಗಿತ್ತು."

ಆ ಕೇಂದ್ರದ ಬಾಗಿಲು ಮತ್ತೆ ಯಾರಿಗೂ ಮುಚ್ಚಿರಲಿಲ್ಲವಂತೆ. ಆಫೀಸಿನಲ್ಲಿ ನನ್ನನ್ನು ಹೊಗಳಿದರು. ಅವಳ ಕನಸಿರಬೇಕು ಎಂದು ಎಷ್ಟೋ ಸಲ ಸಮಾಧಾನ ಹೇಳಿಕೊಂಡಿದ್ದೇನೆ. ಆದರೆ ಆ ಹನ್ನೊಂದೂವರೆ? ಆ ನಾಲ್ಕು ನಿಮಿಷ? ಅಲ್ಲಿಗೆ ನನ್ನ ಬುದ್ಧಿ ನಿಲ್ಲುತ್ತದೆ. ಯಾರು ಬಾರಿಸಿದ್ದೋ ನನಗೆ ಇವತ್ತಿಗೂ ಗೊತ್ತಿಲ್ಲ. ಬಾರಿಸಬೇಕಾಗಿದ್ದವಳು ಬಂಗಲೆಯಲ್ಲಿ ಹೊದ್ದು ಮಲಗಿದ್ದಳು, ಅಷ್ಟು ಗೊತ್ತು.