ಉಜ್ಜನಪ್ಪನ ಸದ್ದಿಲ್ಲದ ಆಟೋ

ಮಲವಗೊಪ್ಪದ ನಮ್ಮ ಬೀದಿಯ ಉಜ್ಜನಪ್ಪನಿಗೆ ಆಟೋ ಇತ್ತು, ಅವನ ಹೆಂಡತಿ ದಾಕ್ಷಾಯಣಿಗೆ ಉಬ್ಬಸವಿತ್ತು. ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಗಾಡಿ. ಸ್ಟಾರ್ಟ್ ಮಾಡಿದರೆ ಬೀದಿಯೆಲ್ಲ ನೀಲಿ ಹೊಗೆ. ಮದುವೆಯಾಗಿ ಹದಿನೆಂಟು ವರ್ಷವಾದರೂ ಆಕೆ ಗಂಡನ ಆಟೋ ಹತ್ತಿರಲಿಲ್ಲ. ಭದ್ರಾವತಿಯ ಅಕ್ಕನ ಮನೆಗೆ ಹೊರಟರೆ ಮೂಗಿಗೆ ಸೆರಗು ಹಿಡಿದು ಬಸ್ಸಿನ ಮುಂದಿನ ಸೀಟಿನಲ್ಲಿ ಕೂರುತ್ತಿದ್ದಳು. ಉಜ್ಜನಪ್ಪ ಖಾಲಿ ಆಟೋದಲ್ಲಿ ಹಿಂದೆ ಹಿಂದೆ. ಸ್ಟ್ಯಾಂಡಿನವರು ಸುಮ್ಮನಿರುತ್ತಾರೆಯೇ? "ಊರಿಗೆಲ್ಲ ಸಾರಥಿ, ಹೆಂಡ್ತಿಗೊಬ್ಬಳಿಗೆ ಅಲ್ಲ ಮಾರಾಯ!" ಎಂದು ನಗುತ್ತಿದ್ದರು. ಅವನು ನಗುತ್ತಿರಲಿಲ್ಲ. ಒಂದು ಸಲ, ಒಂದೇ ಸಲ, ಅವಳನ್ನು ತನ್ನ ಗಾಡಿಯಲ್ಲಿ ಕೂರಿಸಿಕೊಂಡು ಹೋಗಬೇಕೆಂಬುದು ಅವನ ಆಸೆ.

ತೊಂಬತ್ತೆಂಟರಲ್ಲಿ ಗುಜರಿ ಅಂಗಡಿಯಲ್ಲಿ ಅವನಿಗೆ ಬ್ಯಾಟರಿ ಟ್ರಾಲಿಯ ಹಳೆಯ ಮೋಟರೊಂದು ಸಿಕ್ಕಿತು. ಇಂಜಿನ್ ಇಲ್ಲದ ಆಟೋ ಬಾಡಿಯೊಂದನ್ನೂ, ಲಾರಿಯ ಬ್ಯಾಟರಿಗಳನ್ನೂ ತಂದ. ಹಗಲು ಹೊಗೆ ಬಿಡುವ ಗಾಡಿ ಓಡಿಸುವುದು, ಸಂಜೆ ಹೊಗೆಯಿಲ್ಲದ್ದನ್ನು ಕಟ್ಟುವುದು. ಎರಡು ವರ್ಷ ಹೀಗೇ ನಡೆಯಿತು. ಗಾಡಿ ಒಂದು ಗೇಣು ಕದಲುವ ಮೊದಲೇ ಅದರ ಬೆನ್ನಿಗೆ 'ದಾಕ್ಷಾಯಣಿ' ಎಂದು ಬರೆಸಿದ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಆಸಾಮಿ! ನಾನೂ ನಕ್ಕಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

"ನಿಮ್ಮ ಹುಚ್ಚು ನಿಮಗೆ. ನಂಗೆ ಬಸ್ಸೇ ಸಾಕು" ಎಂದೇ ದಾಕ್ಷಾಯಣಿ ಹೇಳುತ್ತಿದ್ದಳು.

ಕಾರ್ತಿಕದ ಒಂದು ಬೆಳಿಗ್ಗೆ ಕಾಗದ ಕಾರ್ಖಾನೆಯ ಡ್ಯೂಟಿಗೆಂದು ನಾನು ಎಂದಿನಂತೆ ಸೈಕಲ್ ತುಳಿಯುತ್ತಿದ್ದೆ. ಎಳೆ ಬಿಸಿಲಿಗೆ ಕಾಲುವೆ ಪಕ್ಕದ ಕಬ್ಬಿನ ಗದ್ದೆಗಳಿಂದ ತೆಳು ಮಂಜು ಏಳುತ್ತಿತ್ತು. ಹಿಂದೆ ಏನೂ ಸದ್ದಾಗಿರಲಿಲ್ಲ. ತಿರುಗಿದರೆ ಪಕ್ಕದಲ್ಲೇ ಆಟೋ. ಅಕ್ಕನ ಮೊಮ್ಮಗುವಿನ ನಾಮಕರಣಕ್ಕೆ ಹೊರಟ ದಾಕ್ಷಾಯಣಿ ಒಳಗೆ ಕೂತಿದ್ದಳು. ಮೂಗಿನ ಮೇಲೆ ಸೆರಗಿರಲಿಲ್ಲ.

"ಚಾನಲ್ಲಲ್ಲಿ ನೀರು ಹೋಗೋದು ಕೇಳ್ತಾ ಇದೆ, ರೀ" ಎಂದಳು.

ಮಾತಾಡಿದರೆ ಎಲ್ಲಿ ಕನಸಿನಿಂದ ಎಚ್ಚರವಾಗಿಬಿಡುತ್ತದೋ ಎಂಬಂತಿತ್ತು ಉಜ್ಜನಪ್ಪನ ಮುಖ. ಮಂಜಿನೊಳಗೆ ಆ ಗಾಡಿ ತೇಲುತ್ತಿತ್ತು. ನಾನು ಡ್ಯೂಟಿ ಮರೆತು ಅದರ ಜೊತೆಗೇ ಸಾಗಿದೆ. ರಸ್ತೆ ಮುಗಿಯದಿರಲಿ ಅನ್ನಿಸಿತು.

ಮಾಚೇನಹಳ್ಳಿ ದಾಟಿದ ಮೇಲೆ ಆಟೋ ನಿಧಾನವಾಯಿತು, ಇನ್ನೂ ನಿಧಾನವಾಯಿತು, ನಿಂತಿತು. ಹಿಂದಿನ ದಿನವೆಲ್ಲ ಕರೆಂಟು ಹೋಗಿ ಬಂದು ಮಾಡಿತ್ತು; ಬ್ಯಾಟರಿ ತುಂಬಿರಲಿಲ್ಲ. ಅವಸರಕ್ಕೆ ಅವನು ಅಷ್ಟಕ್ಕೇ ಹೊರಟಿದ್ದ.

"ಇಳಿ ಮಾರಾಯ್ತಿ" ಎಂದ, ತಲೆ ಎತ್ತದೆ. "ಹಿಂದೆ ಬಸ್ಸು ಬರ್ತಾ ಇದೆ. ನನ್ನ ಹಣೆಬರಹ ಇಷ್ಟೇ."

ಬಸ್ಸು ಬಂದು ನಿಂತಿತು. "ಭದ್ರಾವತಿ, ಭದ್ರಾವತಿ! ಬನ್ನಿ ಅಕ್ಕಾ" ಎಂದು ಕಂಡಕ್ಟರ್ ಬಾಗಿಲು ತೆರೆದ.

ದಾಕ್ಷಾಯಣಿ ಸೀಟಿಗೆ ಒರಗಿ ಕೂತಳು. "ನೀವು ಹೋಗಿ" ಎಂದು ಕಂಡಕ್ಟರನಿಗೆ ಕೈ ಬೀಸಿದಳು. ಆಮೇಲೆ ಗಂಡನತ್ತ ತಿರುಗಿದಳು.

"ಈಗಷ್ಟೇ ಹತ್ತಿದೀನಿ, ಇಳಿಯಲ್ಲ. ತಳ್ರಿ."