“ಕೇಳಿಸಿತು” ಎಂದಷ್ಟೇ ಹೇಳಿದ ವೀರ

ಸೂಪರ್‌ಹೀರೋ ಸಿನಿಮಾಗಳ ಹುಚ್ಚು ನನ್ನದಲ್ಲ, ನನ್ನ ತಮ್ಮನದು. ಅವನು ಮಡಿಕೇರಿಯಲ್ಲಿ ಪ್ರವಾಸಿಗರಿಗೆ ಜೀಪು ಓಡಿಸುತ್ತಾನೆ. ಒಂದು ದಿನ ಜೀಪಿನ ರಿಪೇರಿಗೆಂದು ಮೈಸೂರಿಗೆ ಹೊರಟಾಗ ಕನ್ನಡಕ ಬದಲಾಯಿಸಲು ನಾನೂ ಜೊತೆಗೆ ಹೋದೆ. ಗ್ಯಾರೇಜಿನವನು ಸಂಜೆ ಬನ್ನಿ ಎಂದ. ಹೊತ್ತು ಕಳೆಯಲು ತಮ್ಮ ನನ್ನನ್ನು ಮಧ್ಯಾಹ್ನದ ಆಟಕ್ಕೆ ಎಳೆದುಕೊಂಡು ಹೋದ. ಕನ್ನಡಕ್ಕೆ ಡಬ್ ಆಗಿದ್ದ ಆ ಸಿನಿಮಾದ ಬಗ್ಗೆ ಆಗಲೇ ಜನ ಎರಡು ಪಾಲಾಗಿದ್ದರು. ಇಂಥದ್ದು ಹಿಂದೆ ಬಂದೇ ಇಲ್ಲ ಎನ್ನುವವರು ಒಂದು ಕಡೆ, ಇದಕ್ಕಿಂತ ನಿದ್ದೆ ಮಾಡುವುದು ಲೇಸು ಎನ್ನುವವರು ಇನ್ನೊಂದು ಕಡೆ.

ಅದರ ವೀರನಿಗೆ ಹಾರಲು ಬರುತ್ತದೆ, ಗೋಡೆ ಒಡೆಯಲು ಬರುತ್ತದೆ. ಆದರೆ ಅವನ ನಿಜವಾದ ಶಕ್ತಿ ಕಿವಿಯಲ್ಲಿದೆ. ಆ ನಗರದಲ್ಲಿ ಯಾರು ಎಲ್ಲಿ ಕೂಗಿಕೊಂಡರೂ ಅವನಿಗೆ ಕೇಳಿಸುತ್ತದೆ, ಎಲ್ಲವೂ ಒಟ್ಟಿಗೆ. ಮೊದಲ ಅರ್ಧ ಗಂಟೆ ಅವನು ಒಂದು ಖಾಲಿ ಕೋಣೆಯಲ್ಲಿ ಕಿವಿ ಮುಚ್ಚಿಕೊಂಡು ಕೂತಿರುತ್ತಾನೆ, ಅಷ್ಟೇ. ಆಮೇಲೆ ಅವನು ಒಂದು ರೈಲನ್ನು ಉಳಿಸುತ್ತಾನೆ. ಚಿತ್ರಮಂದಿರದಲ್ಲಿ ಶಿಳ್ಳೆ ಬಿತ್ತು. ಆದರೆ ಅವನು ರೈಲನ್ನು ಹಿಡಿದುಕೊಂಡಿರುವಾಗಲೇ ನಗರದ ಇನ್ನೊಂದು ತುದಿಯಲ್ಲಿ ಕೇಳುತ್ತಿದ್ದ ಒಂದು ದನಿ ನಿಂತುಹೋಗುತ್ತದೆ. ಸಂಗೀತವೂ ನಿಲ್ಲುತ್ತದೆ. ಕ್ಯಾಮೆರಾ ಅವನ ಮುಖವನ್ನು ಬಿಟ್ಟು ಕದಲುವುದಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ಇನ್ನು ಕೆಲವರು ಎದ್ದು ಹೊರಟರು.

ಕೊನೆಗೆ ಅವನನ್ನು ವಿಚಾರಣೆಗೆ ಕರೆಯುತ್ತಾರೆ. ಒಬ್ಬ ತಾಯಿ ಎದ್ದು ನಿಂತು, “ನನ್ನ ಮಗ ಕೂಗಿದ್ದು ನಿನಗೆ ಕೇಳಿಸಿತಾ?” ಎಂದು ಕೇಳುತ್ತಾಳೆ. ಅವನು “ಕೇಳಿಸಿತು” ಎನ್ನುತ್ತಾನೆ. ಕಾರಣ ಹೇಳುವುದಿಲ್ಲ, ಕ್ಷಮೆಯನ್ನೂ ಕೇಳುವುದಿಲ್ಲ.

ದೀಪ ಹತ್ತಿದ ಮೇಲೂ ನಾನು ಕುರ್ಚಿಯಿಂದ ಏಳಲಿಲ್ಲ. ತಮ್ಮನೇ ಎಬ್ಬಿಸಬೇಕಾಯಿತು.

ಮಳೆಗೆ ನಮ್ಮ ಕಡೆ ಬೆಟ್ಟ ಕುಸಿದ ಆ ವರ್ಷ ನಾನು ಮಡಿಕೇರಿಯ ಒಂದು ಸಹಾಯವಾಣಿ ಕೊಠಡಿಯಲ್ಲಿ ಫೋನ್ ತೆಗೆದುಕೊಳ್ಳುವ ಕೆಲಸಕ್ಕಿದ್ದೆ. ಮೂರು ಫೋನು, ಮೂವರು ಹೆಂಗಸರು. ಕರೆದವರ ಊರು, ಎಷ್ಟು ಜನ, ದಾರಿ ಇದೆಯೋ ಇಲ್ಲವೋ ಎಂದು ಬರೆದುಕೊಂಡು ಪಕ್ಕದ ಕೋಣೆಗೆ ಕೊಡಬೇಕು. ಒಂದು ಮಧ್ಯಾಹ್ನ ಎರಡು ಗಂಟೆಗೆ ಎರಡು ಕರೆಗಳು ಒಂದರ ಹಿಂದೆ ಒಂದು ಬಂದವು. ಮೊದಲನೆಯದು ಕೂಸು ಸೇರಿ ಏಳು ಜನರ ಮನೆ. ಎರಡನೆಯದು ಒಬ್ಬ ವಯಸ್ಸಾದ ಹೆಂಗಸಿನ ದನಿ. ನಮ್ಮ ಮನೆಯಲ್ಲಿ ಆಡುವ ಅರೆಭಾಷೆಯಲ್ಲೇ ಮಾತಾಡಿದಳು.

“ಮನೆ ಹಿಂದೆ ಬರೆ ಒಳಗಿಂದ ಶಬ್ದ ಬರ್ತಾ ಉಟ್ಟು,” ಎಂದಳು. ಗುಡ್ಡದ ಕಡಿದಾದ ಪಕ್ಕವನ್ನು ನಾವು ಬರೆ ಎನ್ನುತ್ತೇವೆ. “ಬೀಸುಕಲ್ಲು ತಿರುಗಿದಂಗೆ.”

“ಎಷ್ಟು ಜನ ಇದ್ದೀರಿ ಅಜ್ಜಿ?”

“ನಾ ಒಬ್ಳೇ.”

“ಹಾಗಾದ್ರೆ ಈಗ್ಲೇ ಹೊರಗೆ ಬನ್ನಿ. ಎಲ್ಲಾ ಬಿಟ್ಟು ಬನ್ನಿ.”

“ಅವಸರ ಇಲ್ಲೆ ಮಗ. ಬೇರೆಯವ್ರ ನೋಡಿ ಮೊದ್ಲು.”

ಆ ದನಿಯಲ್ಲಿ ಭಯವೇ ಇರಲಿಲ್ಲ. ಅಂಗಳದಲ್ಲಿ ನಿಂತು ನೆಂಟರನ್ನು ಕಳಿಸಿಕೊಡುವವರ ಹಾಗೆ ಮಾತಾಡಿದಳು. ಮನೆಯ ಗುರುತು ಹೇಳಿದಳು. ಅವಳ ಮಾತಿನ ಹಿಂದೆ ನನಗೂ ಆ ಶಬ್ದ ಕೇಳಿಸಿತು, ನಿಧಾನಕ್ಕೆ, ಒಂದೇ ಸಮ. ಆಮೇಲೆ ಕರೆ ಕಡಿಯಿತು. ಆಗ ಬಿಡುವಾಗಿದ್ದದ್ದು ಒಂದೇ ರಕ್ಷಣಾ ತಂಡ. ನಾನು ಏಳು ಜನರ ಮನೆಯ ಚೀಟಿಯನ್ನು ಮೇಲಿಟ್ಟು ಕೊಟ್ಟೆ.

ಆ ಏಳು ಜನರೂ ಉಳಿದರು. ಅಜ್ಜಿಯ ಮನೆಗೆ ತಂಡ ತಲುಪಿದ್ದು ಮಾರನೇ ದಿನ. ಹೋದವರು ಬಂದು, “ಅಲ್ಲಿ ಮನೆಯೇ ಇಲ್ಲ ಮೇಡಂ,” ಎಂದರು. ಆದರೆ ಆ ಮನೆಯಿಂದ ಯಾರೂ ಕಾಣೆಯಾಗಿದ್ದಾರೆಂದು ಪಟ್ಟಿಯಲ್ಲಿ ಬರಲಿಲ್ಲ. ನಾನು ಆ ನಂಬರನ್ನು ನನ್ನ ಡೈರಿಯಲ್ಲಿ ಬರೆದಿಟ್ಟುಕೊಂಡೆ. ಕರೆ ಮಾಡಲಿಲ್ಲ. ಮಾಡಿದರೆ ಗೊತ್ತಾಗಿಬಿಡುತ್ತಿತ್ತು. ಮರುವರ್ಷದ ಮಳೆಗಾಲಕ್ಕೆ ಆ ಕೊಠಡಿಗೆ ಕರೆದಾಗ ಸೊಂಟ ನೋವೆಂದು ಹೇಳಿ ತಪ್ಪಿಸಿಕೊಂಡೆ. ಅದರ ಮರುವರ್ಷವೂ ಹಾಗೇ ಮಾಡಿದೆ.

ಮೈಸೂರಿನಿಂದ ಹಿಂದಿರುಗುವಾಗ ಕುಶಾಲನಗರದವರೆಗೂ ತಮ್ಮ ಸಿನಿಮಾವನ್ನು ಬೈಯುತ್ತಲೇ ಇದ್ದ. “ಹಾರಿಕೆ ಬರುವವ ಹಾರದೆ ಕುದ್ದರೆ ಅದನ್ನ ನೋಡುದು ಹೇಂಗೆ ಅಕ್ಕ?”

“ಅವ ಕುದ್ದದೇ ನಂಗೆ ಹಿಡಿಸ್ತ್,” ಎಂದೆ. ವೀರ ಹಾರದೆ ಕೂತದ್ದೇ ನನಗೆ ಮುಖ್ಯವಾಗಿತ್ತು.

ತಮ್ಮ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಸಿನಿಮಾ ಉದ್ದವಾಯಿತು. ಖಳನಿಗೆ ಮಾಡಲು ಕೆಲಸವೇ ಇಲ್ಲ. ಕೆಲವು ದೃಶ್ಯಗಳಲ್ಲಿ ಎಷ್ಟು ಕತ್ತಲೆಯೆಂದರೆ ಯಾರು ಯಾರನ್ನು ಹೊಡೆಯುತ್ತಿದ್ದಾರೆಂದೇ ತಿಳಿಯುವುದಿಲ್ಲ. ಅದು ಮೊಬೈಲಿಗೆ ಬಂದ ಮೇಲೆ ನಾನು ಇನ್ನೊಮ್ಮೆ ನೋಡಿದೆ, ಹಗಲು ಹೊತ್ತಿನಲ್ಲಿ, ಒಬ್ಬಳೇ. ಆ ತಾಯಿ ಎದ್ದು ನಿಲ್ಲುವ ದೃಶ್ಯವನ್ನು ಹಿಂದಕ್ಕೆಳೆದು ಮತ್ತೆ ನೋಡಿದೆ. ಒಂದು ಉಪಾಯ ಮಾಡಿ ಅವನನ್ನು ನಿರಪರಾಧಿ ಎಂದು ತೋರಿಸಬಹುದಿತ್ತು. ಸಿನಿಮಾ ಹಾಗೆ ಮಾಡಲಿಲ್ಲ. ಅವಳೆದುರು ನಿಂತು ಹೌದು ಎನ್ನುವಷ್ಟು ಧೈರ್ಯವನ್ನು ಮಾತ್ರ ಅವನಿಗೆ ಕೊಟ್ಟಿತು. ಹಾರುವುದಕ್ಕಿಂತ ಅದು ಕಷ್ಟ ಎಂದು ನನಗನ್ನಿಸಿತು. ನಾನು ಡೈರಿ ತೆಗೆದು ಆ ನಂಬರಿಗೆ ಕರೆ ಮಾಡಿದೆ.

ರಿಂಗಾಯಿತು. “ಯಾರ್?” ಎಂದಿತು ಒಬ್ಬ ಮುದುಕಿಯ ದನಿ.

ನಾನು ಯಾರು, ಅಂದು ಎಲ್ಲಿದ್ದೆ, ಯಾವ ಚೀಟಿಯನ್ನು ಮೇಲಿಟ್ಟೆ, ಎಲ್ಲವನ್ನೂ ಹೇಳಿದೆ.

“ನಾ ಫೋನ್ ಮಾಡಿತ್ಲೆ ಮಗ,” ಎಂದಳು, ತಾನು ಮಾಡಲೇ ಇಲ್ಲವೆಂದು. ಅಂದು ಬೆಳಗ್ಗೆಯೇ ಅವಳು ದನ ಬಿಚ್ಚಿಕೊಂಡು ಗುಡ್ಡದಾಚೆ ಮಗಳ ಮನೆಗೆ ಹೋಗಿದ್ದಳಂತೆ. ಮೊಬೈಲು ಮಂಚದ ಮೇಲೆ ಉಳಿದು ಮನೆಯ ಜೊತೆಗೇ ಮಣ್ಣಾಯಿತು. ಆಮೇಲೆ ಮಗಳು ಹೊಸ ಸಿಮ್ಮಿನಲ್ಲಿ ಅದೇ ನಂಬರನ್ನು ಮಾಡಿಸಿಕೊಟ್ಟಿದ್ದಳು.

“ಹಾಗಾದ್ರೆ ಮಾತಾಡಿದ್ದು ಯಾರಜ್ಜಿ?”

“ನಾ ಒಬ್ಳೇ ಅಲ್ಲಿ ಇದ್ದದ್ದ್. ಬಾಗಿಲಿಗೆ ಬೀಗ ಹಾಕಿತ್ಲೆ,” ಎಂದಳು. ಆಮೇಲೆ ಮೆಲ್ಲಗೆ, “ಅವ್ಳು ಏನೇನ್ ಹೇಳ್ದಾಂತ ಇನ್ನೊಂದ್ಸಲ ಹೇಳ್,” ಎಂದಳು.

ಮುಂದಿನ ಭಾನುವಾರ ತಮ್ಮನ ಜೀಪಿನಲ್ಲಿ ಹೋದೆ. ಅಜ್ಜಿ ಈಗ ಸರ್ಕಾರ ಕಟ್ಟಿಕೊಟ್ಟ ಹೊಸ ಮನೆಗಳ ಸಾಲಿನಲ್ಲಿದ್ದಾಳೆ. ಅವಳ ದನಿ ಒರಟು. ಅಂದು ಸಹಾಯವಾಣಿಯಲ್ಲಿ ನಾನು ಕೇಳಿದ್ದು ಅದಲ್ಲ. ಅವಳು ಬುತ್ತಿ ಕಟ್ಟಿಕೊಂಡು ಜೀಪು ಹತ್ತಿ, ಹಳೆಯ ಮನೆಯ ಜಾಗಕ್ಕೆ ದಾರಿ ತೋರಿಸಿದಳು. ಆಚೀಚೆ ಮನೆಗಳವರನ್ನೆಲ್ಲ ಅವಳು ವಿಚಾರಿಸಿದ್ದಳು. ಯಾರ ಮನೆಯಿಂದಲೂ ಯಾರೂ ತಪ್ಪಿಹೋಗಿರಲಿಲ್ಲ. ದಾರಿ ಮಾಡುವಾಗ ಆ ಮಣ್ಣನ್ನು ಯಂತ್ರದಿಂದ ತೆಗೆದಿದ್ದರು, ಅದರಲ್ಲೂ ಯಾರೂ ಸಿಕ್ಕಿರಲಿಲ್ಲ.

ಹನ್ನೊಂದು ಗಂಟೆಯ ಹೊತ್ತು. ಮಂಜು ಇನ್ನೂ ಸರಿದಿರಲಿಲ್ಲ. ಬರೆಯ ಮೇಲೆ ಎದೆಯೆತ್ತರ ಹುಲ್ಲು ಬೆಳೆದಿತ್ತು, ನಡುವೆ ತಾನೇ ಹುಟ್ಟಿದ ನಾಲ್ಕಾರು ಕಾಫಿ ಗಿಡ. ಒಂದು ಹಕ್ಕಿಯೂ ಕೂಗುತ್ತಿರಲಿಲ್ಲ. ತಮ್ಮ ಜೀಪನ್ನು ಆರಿಸಿದ. ಆ ನಿಶ್ಶಬ್ದಕ್ಕೆ ಹೆದರಿದವನಂತೆ ಮತ್ತೆ ಚಾಲೂ ಮಾಡಲು ಕೈ ಹಾಕಿದ. ಅಜ್ಜಿ ಬೇಡ ಎಂದು ಕೈಸನ್ನೆ ಮಾಡಿದಳು.

ಅವಳು ಬಾಳೆಲೆ ಹಾಸಿ ಅನ್ನ, ಕೋಳಿ ಸಾರು ಬಡಿಸಿದಳು. ಸತ್ತ ಹಿರಿಯರಿಗೆ ನಮ್ಮಲ್ಲಿ ಹೀಗೆ ಎಡೆ ಇಡುತ್ತೇವೆ.

“ಯಾರಿಗೆ ಅಜ್ಜಿ?” ಎಂದ ತಮ್ಮ.

“ಯಾರಿಗೆಂತ ನಂಗೂ ಗೊತ್ತಿಲ್ಲೆ. ನಮ್ಮ ಮನೆ ಒಳಗೆ ಇದ್ದವ್ಳಲ್ಲ, ಹಸಿದಿದ್ದಾ ಏನೋ.”

ನಾನು ಎಲೆಯ ಮುಂದೆ ನಿಂತೆ. ಹೇಳಬೇಕೆಂದು ಬಂದಿದ್ದ ಮಾತುಗಳೆಲ್ಲ ಮರೆತುಹೋದವು. “ನಂಗೆ ಕೇಳ್ತ್,” ಎಂದೆ, ಅಷ್ಟೇ. ಗಾಳಿ ಇರಲಿಲ್ಲ. ಆದರೂ ನಮ್ಮ ಮೇಲಿನ ಹುಲ್ಲು ಯಾರೋ ನಡೆದು ಹೋದಂತೆ ಒಂದು ಗೆರೆಯಾಗಿ ಬಾಗುತ್ತಾ ಹೋಗಿ, ಮಂಜಿನೊಳಗೆ ಮರೆಯಾಯಿತು. ಕಾಡುಹಂದಿ ಇರಬಹುದು ಎಂದ ತಮ್ಮ. ಅಜ್ಜಿ ಸೆರಗು ಹೊದ್ದು ಜೀಪಿನ ಕಡೆ ನಡೆದಳು.

ಈ ಮಳೆಗಾಲಕ್ಕೆ ಸಹಾಯವಾಣಿ ಕೊಠಡಿಗೆ ಜನ ಬೇಕೆಂದು ಕೇಳಿದಾಗ ನಾನು ಹೆಸರು ಕೊಟ್ಟೆ. ಕಿಟಕಿಯ ಪಕ್ಕದ ಮೇಜು ಸಿಕ್ಕಿದೆ.