ಮೇಜಿನ ಕೆಳಗಿನ ಕಂಪ್ಯೂಟರ್

ನನ್ನ ಪಕ್ಕದ ಕುರ್ಚಿಯವನಿಗೆ ಆಫೀಸಿನಲ್ಲಿ ‘ಸದ್ಯಕ್ಕೆ’ ಎಂದೇ ಹೆಸರು. ಇಟ್ಟವಳು ನಾನೇ. ಅವನ ಮನೆಯ ನಲ್ಲಿಗೆ ಸದ್ಯಕ್ಕೆಂದು ಕಟ್ಟಿದ ದಾರಕ್ಕೆ ನಾಲ್ಕು ವರ್ಷವಾಗಿತ್ತು. ಕಿಟಕಿಗೆ ಸದ್ಯಕ್ಕೆಂದು ಅಂಟಿಸಿದ ಪೇಪರು ಹಳದಿಯಾಗಿತ್ತು. ನೌಕರಿಯೂ ಅಷ್ಟೇ: ಒಂಬತ್ತು ವರ್ಷದಿಂದ ಗುತ್ತಿಗೆ, ಆರಾರು ತಿಂಗಳಿಗೊಮ್ಮೆ ಮುಂದುವರಿಕೆ. “ಖಾಯಂ ಆಗ್ಲಿ, ಆಮೇಲೆ ಪರದೆ ಹೊಲಿಸೋಣ” ಎಂದು ಹೆಂಡತಿಗೆ ಹೇಳುತ್ತಲೇ ಬಂದಿದ್ದ. ಆ ಮಹಾತಾಯಿ ನಂಬುತ್ತಲೇ ಬಂದಿದ್ದಳು.

ನಮ್ಮದು ಹಲ್ಲಿನ ಡಾಕ್ಟರ ಬಳಿ ಸರದಿ ಕಾಯ್ದಿರಿಸುವ ಆ್ಯಪ್. ಅದನ್ನು ಸರಂಜಾಮು ಸಮೇತ ‘ಕಂಟೇನರ್’ ಎಂಬ ಒಂದು ಸಾಫ್ಟ್‌ವೇರ್ ಗಂಟಿನಲ್ಲಿ ಕಟ್ಟಿ, ಎಲ್ಲೋ ದೂರದ ಬಾಡಿಗೆ ಸರ್ವರುಗಳ ಮೇಲೆ ಇಳಿಸುವುದು ಇವನ ಕೆಲಸ. ಸರ್ವರ್ ಕಣ್ಣುಬಿಟ್ಟೊಡನೆ ಏನೇನು ಮಾಡಬೇಕೆಂದು ಸ್ಕ್ರಿಪ್ಟ್ ಬರೆದಿಡುತ್ತಿದ್ದ: ಇದನ್ನು ತಾ, ಅದನ್ನು ಬಿಚ್ಚು, ಆ್ಯಪ್ ಶುರುಮಾಡು. ಯಾರೂ ಕೈ ಹಚ್ಚಬೇಕಿಲ್ಲ.

“ನಾನಿಲ್ದಿದ್ರೂ ನಡೀಬೇಕು, ಅದೇ ಒಳ್ಳೇ ಕೆಲಸ” ಅನ್ನುತ್ತಿದ್ದ. ಗುತ್ತಿಗೆಯವನ ಬಾಯಲ್ಲಿ ಇಂಥ ಮಾತು! ನನಗೆ ಮೈಯೆಲ್ಲ ಉರಿಯುತ್ತಿತ್ತು.

ಈ ಸಲ ನಿರ್ದೇಶಕರು ಮಾತು ಕೊಟ್ಟರು: ಎಲ್ಲ ಸರ್ವರುಗಳನ್ನೂ ಅಳಿಸಿ, ಹೊಸವು ತಾವಾಗಿಯೇ ಎದ್ದು ನಿಲ್ಲುವುದನ್ನು ತೋರಿಸಿದರೆ ಖಾಯಂ ಆದೇಶ. ಅಂದು ಇವನು ಇಸ್ತ್ರಿ ಅಂಗಿ ತೊಟ್ಟು ಬಂದ. ದೊಡ್ಡವರು ಬರುತ್ತಾರೆಂದು, ಒಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಮೇಜು ಒರೆಸಿದ, ಲೋಟ ತೊಳೆದ. ಮೇಜಿನ ಕೆಳಗೆ ಗುಂಯ್‌ಗುಡುತ್ತಿದ್ದ ಹಳೇ ಕಂಪ್ಯೂಟರನ್ನು ಬಂದ್ ಮಾಡಿ, ಅದಕ್ಕೆ ಮನೆಯಿಂದ ತಂದ ಅಗಲವಾದ ಹೂವಿನ ಬಟ್ಟೆ ಹೊದಿಸಿದ.

ನಿರ್ದೇಶಕರು ಬಂದು ಕೂತರು. ಐದು ಸರ್ವರುಗಳು ಅಳಿದವು. ಹೊಸ ಐದು ಎದ್ದವು. ಸ್ಕ್ರಿಪ್ಟಿನ ಮೊದಲ ಸಾಲು ಮುಗಿಸಿದವು, ಎರಡನೆಯದನ್ನೂ ಮುಗಿಸಿದವು, ಮೂರನೆಯದರಲ್ಲಿ ಐದೂ ನಿಂತುಬಿಟ್ಟವು.

“ಏನ್ರೀ, ಯಾರಿಗ್ ಕಾಯ್ತಾ ಇದಾವೆ?” ಎಂದರು ನಿರ್ದೇಶಕರು.

ನಾನು ಬಗ್ಗಿ ಅವನ ಸ್ಕ್ರಿಪ್ಟಿನ ಮೂರನೆಯ ಸಾಲು ನೋಡಿದೆ. ಕಂಟೇನರ್ ತರಬೇಕಾದ ವಿಳಾಸ ಮೇಜಿನ ಕೆಳಗಿನ ಅದೇ ಕಂಪ್ಯೂಟರಿನದು. ಪಕ್ಕದಲ್ಲಿ ಆರು ವರ್ಷದ ಹಿಂದಿನ ಟಿಪ್ಪಣಿ: ‘ಸದ್ಯಕ್ಕೆ ಇಲ್ಲಿಂದ.’ ಬರೆದವನೇ ಮರೆತಿದ್ದ.

ಅವನು ಇಸ್ತ್ರಿ ಅಂಗಿಯಲ್ಲೇ ಮೇಜಿನ ಕೆಳಗೆ ತೆವಳಿ ಗುಂಡಿ ಒತ್ತಿದ. ಎರಡು ನಿಮಿಷದಲ್ಲಿ ಐದೂ ಸರ್ವರುಗಳು ಕೆಲಸಕ್ಕೆ ಹತ್ತಿದವು.

“ಅಂದ್ರೆ, ಇಷ್ಟ್ ದಿನ ಎಲ್ಲಾ ನಡೆಸ್ತಿರೋದು ಇದೇನಾ?” ನಿರ್ದೇಶಕರು ಮೇಜಿನ ಕೆಳಗೆ ಇಣುಕಿದರು.

“ಹೌದು ಸಾರ್. ಒಂದ್ ಗಂಟೆ ಕೊಡಿ, ಬದಲಾಯಿಸ್ತೀನಿ.”

“ಬೇಡ ಬೇಡ, ಮುಟ್ಬೇಡಿ ಅದನ್ನ!”

ವಾರದೊಳಗೆ ಆದೇಶ ಬಂತು. ಹಳೇ ಕಂಪ್ಯೂಟರಿಗೆ ಗಾಜಿನ ಬಾಗಿಲಿನ ಪ್ರತ್ಯೇಕ ಕೋಣೆ, ತಂಪು ಗಾಳಿ, ಬೀಗ, ‘ಸಂಸ್ಥೆಯ ಖಾಯಂ ಆಸ್ತಿ’ ಎಂಬ ಹಿತ್ತಾಳೆ ಫಲಕ. ಇವನಿಗೆ ಮತ್ತೆ ಆರು ತಿಂಗಳು.

ನನಗೆ ಸಿಟ್ಟಿಗೆ ಅಳುವೇ ಬಂತು. ಅವನು ಮಾತ್ರ ಆ ಹೂವಿನ ಬಟ್ಟೆಯನ್ನು ಕೊಡವಿ, ಮಡಚಿ, ಚೀಲಕ್ಕೆ ತುರುಕಿಕೊಂಡ.

“ಅದ್ಯಾಕೆ ಈಗ?” ಎಂದೆ.

“ಕಿಟಕಿ ಅಳತೆಗೆ ಸರಿಹೋಗುತ್ತೆ,” ಅಂದ. “ಸದ್ಯಕ್ಕೆ.”